ತಾರೀಕಿಲ್ಲದ ತಪ್ಪೊಪ್ಪಿಗೆ

"ಕುದುರೆ ಮೇಲೆ ಕೂತ್ಕೊಳ್ಳಿ ಅಮ್ಮ. ಆನೆ ಬೇಡ. ಅದು ದೊಡ್ಡ ಸಾಹೇಬ್ರದ್ದು."

ಇನ್‌ಸ್ಪೆಕ್ಟರಮ್ಮ ಆನೆಯತ್ತ ನೋಡಿದರು. ಸೊಂಡಿಲು ಅರ್ಧಕ್ಕೆ ಮುರಿದ, ಬೂದುಬಣ್ಣ ಸಿಪ್ಪೆಯೆದ್ದ ಫೈಬರ್ ಆನೆ. ಒಂದು ಕಾಲದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸುತ್ತು ಹೊಡೆಯುತ್ತಿದ್ದದ್ದು ಈಗ ಭೂತಬಂಗಲೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಗೋಡೆಗೊರಗಿ ತಮ್ಮ ಹಾಗೇ ನಿವೃತ್ತಿ ಜೀವನ ಕಳೆಯುತ್ತಿದೆ ಅನ್ನಿಸಿತು. ಅದರೆದುರು ಅರ್ಧಚಂದ್ರದ ಹಾಗೆ ಐದು ಮರದ ಕುದುರೆಗಳು. ಒಂದಕ್ಕೂ ನಾಲ್ಕು ಕಾಲು ನೆಟ್ಟಗಿಲ್ಲ. ಹಿಂದೆ ಬಾಗಿಲ ಹತ್ತಿರ, ನೆಲಕ್ಕೆ ಕುಕ್ಕರಿಸಿದ ಒಂದು ಸಾಲು ಬಾತುಕೋಳಿ.

"ಮೆಕ್ಯಾನಿಕ್ಕು, ಆಪರೇಟರು ಎಲ್ಲ ಕುದುರೆ ಮೇಲೆ. ಕಾಂಟ್ರಾಕ್ಟಿನೋರು ಬಾತುಕೋಳಿ ಮೇಲೆ. ನಾನು ಬಾತುಕೋಳಿಯಿಂದ ಕುದುರೆಗೆ ಬರೋಕೆ ಆರು ವರ್ಷ ಹಿಡೀತು," ಎಂದ ತೊಟ್ಟಿಲಣ್ಣ.

ಪಾರ್ಕಿನ ಜೈಂಟ್ ವೀಲ್ ನಡೆಸುವವನು ಅವನು. ಸಣಕಲು ದೇಹ, ನಲವತ್ತೈದರ ಆಸುಪಾಸು. ಮಾತಾಡುವಾಗ ಬಲಗೈ ತನ್ನಷ್ಟಕ್ಕೆ ಕಾಣದ ಲಿವರನ್ನು ಮುಂದೆ ಹಿಂದೆ ಎಳೆಯುತ್ತಿತ್ತು.

ಅಂದು ಪಾರ್ಕಿಗೆ ವಾರದ ರಜೆ. ಬೆಳಿಗ್ಗೆ ಹನ್ನೊಂದಾದರೂ ಹಾಡಿಲ್ಲ, ಕಿರುಚಾಟವಿಲ್ಲ. ದೂರದಲ್ಲಿ ಯಾರೋ ಪೊರಕೆ ಎಳೆಯುವ ಸದ್ದು ಮಾತ್ರ.

ಇನ್‌ಸ್ಪೆಕ್ಟರಮ್ಮ ಇಲ್ಲಿಗೆ ಬರತೊಡಗಿ ಆರು ದಿನವಾಗಿತ್ತು. ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿ ಎರಡು ವರ್ಷ ಕಳೆದಿದ್ದರೂ ಇಲ್ಲಿನವರ ಬಾಯಲ್ಲಿ ಅವರು ಇನ್‌ಸ್ಪೆಕ್ಟರಮ್ಮನೇ. ಮಾಲೀಕರಿಗೆ ಹೊರಗಿನವರೊಬ್ಬರ ವರದಿ ಬೇಕಿತ್ತು. ವಿಷಯ ಚಿಕ್ಕದು ಎಂದಿದ್ದರು. ಹನ್ನೊಂದು ದಿನದ ಹಿಂದೆ ಬೆಳಿಗ್ಗೆ ಏಳೂವರೆಗೆ ಪಾರ್ಕಿನ ಹಿರಿಯ ಮೆಕ್ಯಾನಿಕ್ಕು, ಎಲ್ಲರ ಸ್ಪ್ಯಾನರ್ ಮಾವ, ಹಾವುಗಾಡಿ ಎಂದು ಕರೆಯುವ ರೋಲರ್ ಕೋಸ್ಟರಿನ ಮೂರನೇ ತಿರುವಿನ ಅಟ್ಟಣಿಗೆಯಿಂದ ಬಿದ್ದಿದ್ದರು. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಕುಡಿದು ಬಂದು ಗೇಟಿನಲ್ಲಿ ಸಿಕ್ಕಿಬಿದ್ದರು, ತಪ್ಪೊಪ್ಪಿಗೆ ಬರೆದುಕೊಟ್ಟರು, ಮನೆಗೆ ಹೋಗು ಅಂದರೂ ಕೇಳದೆ ಮೇಲೆ ಹತ್ತಿ ಬಿದ್ದರು ಎನ್ನುವುದು ಆಫೀಸಿನವರ ಕಥೆ. ಆ ದಿನದ ತಾರೀಕು ಹೊತ್ತ ತಪ್ಪೊಪ್ಪಿಗೆ ಫೈಲಿನಲ್ಲಿತ್ತು. ಕುಡಿದಿದ್ದಾರೆಯೇ ಎಂದು ತೋರಿಸುವ ಗೇಟಿನ ಊದುವ ಯಂತ್ರ ಮಾತ್ರ ಆ ಬೆಳಿಗ್ಗೆ ಕೆಟ್ಟುಹೋಗಿತ್ತು.

"ಬೆಳಿಗ್ಗೆ ಊದು, ಸಂಜೆ ಹೀರು. ಇದೇ ನಮ್ಮ ಪಾರ್ಕಿನ ಶಿಸ್ತು ಅಂತ ತಮಾಷೆ ಮಾಡ್ತೀವಿ," ಎಂದು ತೊಟ್ಟಿಲಣ್ಣ ನಕ್ಕ. ಎದುರಿನವರು ನಗಲಿಲ್ಲ.

"ಸಂಜೆ ಇಲ್ಲಿ ಎಲ್ಲರ ಗ್ಲಾಸಿಗೆ ಸುರಿಯೋರು ಯಾರು?"

"ನಾನೇ."

"ಸ್ಪ್ಯಾನರ್ ಮಾವನಿಗೂ?"

"ಅವರಿಗೂ."

"ಎಷ್ಟು?"

"ಗ್ಲಾಸ್ ತುಂಬ. ಮೂರು ಸಲ. ಒಂದೊಂದ್ಸಲ ನಾಲ್ಕು."

"ಅಷ್ಟು ಕುಡಿದವರು ಬೆಳಿಗ್ಗೆ ಆರೂವರೆಗೆ ಎದ್ದು ಬಂದು ಕೈ ನಡುಗದೆ ಬೋಲ್ಟು ಬಿಗೀತಿದ್ರಾ?"

ಕಾಣದ ಲಿವರ್ ಎಳೆಯುತ್ತಿದ್ದ ತೊಟ್ಟಿಲಣ್ಣನ ಕೈ ನಿಂತಿತು. ಎದ್ದು ಹೋಗಿ ಕೊನೆಯ ಬಾತುಕೋಳಿಯನ್ನು ಒಂದು ಮಗ್ಗುಲಿಗೆ ಹೊರಳಿಸಿದ. ಅದರ ಟೊಳ್ಳು ಹೊಟ್ಟೆಯೊಳಗೆ ಕೈಯಿಟ್ಟು ಒಂದು ಬಾಟಲಿ ತೆಗೆದು ಅವರ ಕೈಗೆ ಕೊಟ್ಟ. ಕಂದು ಬಣ್ಣ, ಮುಕ್ಕಾಲು ಭಾಗ ಖಾಲಿ.

ಇನ್‌ಸ್ಪೆಕ್ಟರಮ್ಮ ಮುಚ್ಚಳ ತೆಗೆದು ಮೂಸಿದರು. ಒಂದು ಹನಿ ನಾಲಿಗೆಗೆ ಮುಟ್ಟಿಸಿದರು. ಹನ್ನೆರಡು ದಿನ ಹಳತಾಗಿ ಹುಳಿ ತಿರುಗಿದ್ದರೂ ಅನುಮಾನವೇ ಇರಲಿಲ್ಲ.

"ಟೀ!"

"ಹಾಲು ಹಾಕದ ಟೀ. ನಾಲ್ಕು ತಿಂಗಳಿಂದ ಮಾವ ಕುಡೀತಿದ್ದದ್ದು ಇದನ್ನೇ. ದಿನಾ ಮನೆಯಿಂದ ತಂದು ನನ್ನ ಕೈಗೆ ಕೊಡೋರು. ನನಗೊಬ್ಬನಿಗೇ ಗೊತ್ತಿತ್ತು."

"ನಾಲ್ಕು ತಿಂಗಳಿಂದ ಯಾಕೆ?"

"ಮಗಳು ಇಲ್ಲಿ ಕೆಲಸಕ್ಕೆ ಸೇರಿದ್ಲಲ್ಲ, ಕರಡಿ ವೇಷಕ್ಕೆ. ಮೊದಲನೇ ದಿನ ಸಂಜೆ ಡ್ಯೂಟಿ ಮುಗಿಸಿ ಅಪ್ಪನ್ನ ಹುಡುಕಿಕೊಂಡು ಇಲ್ಲಿಗೆ ಬಂದ್ಲು. ಕರಡಿ ತಲೆ ಕಂಕುಳಲ್ಲಿತ್ತು. ಮಾವ ಈ ಕುದುರೆ ಮೇಲೆ ಕೂತು ಏನೋ ಹಾಡ್ತಿದ್ರು. ಅವಳು ಸುಮ್ನೆ ನೋಡಿದ್ಲು, ಹೋದ್ಲು. ಮಾರನೇ ದಿನಾನೇ ಈ ಬಾಟ್ಲಿ ಬಂತು."

"ಬಿಟ್ಟ ಮೇಲೆ ನೆಟ್ಟಗೆ ಮನೆಗೆ ಹೋಗಬಹುದಿತ್ತಲ್ಲ. ಇಲ್ಲಿ ಬಂದು ನಾಟಕ ಯಾಕೆ?"

ತೊಟ್ಟಿಲಣ್ಣ ಅವರನ್ನು ಕನಿಕರದಿಂದ ನೋಡಿದ. ಇಷ್ಟೂ ಗೊತ್ತಿಲ್ಲವೇ ಎನ್ನುವ ನೋಟ.

"ಯಾವ ರೈಡಿಗೆ ಯಾರು, ಹಬ್ಬದ ರಜೆ ಯಾರಿಗೆ, ಯಾರನ್ನ ಖಾಯಂ ಮಾಡೋದು, ಎಲ್ಲ ಇಲ್ಲೇ ಆಗೋದು ಅಮ್ಮ. ಆಫೀಸಲ್ಲಿ ಬರೀ ಸಹಿ. ಇಲ್ಲಿ ಕೂರದವನು ನಮ್ಮವನಲ್ಲ. ಕೂತು ಕುಡೀದೇ ಇರೋನು ಇನ್ನೂ ಅಪಾಯ. ನಾಳೆ ಹೋಗಿ ಎಲ್ಲರ ಮೇಲೂ ಚಾಡಿ ಹೇಳ್ತಾನೆ ಅಂತ."

"ಹೆಂಗಸರು?"

"ಅವರು ಇಲ್ಲಿಗೆ ಬರಲ್ಲವಲ್ಲ."

"ಅಂದ್ರೆ ಅವರು ಜನ್ಮದಲ್ಲಿ ಬಾತುಕೋಳಿನೂ ಆಗಲ್ಲ ಅನ್ನಿ."

ಅವನು ತಲೆ ಕೆರೆದುಕೊಂಡ. ಇಷ್ಟು ವರ್ಷದಲ್ಲಿ ಆ ಯೋಚನೆ ಅವನಿಗೆ ಬಂದಿರಲಿಲ್ಲ.

"ಮಾವ ಬೀಳೋ ಹಿಂದಿನ ಸಂಜೆ ಏನಾಯ್ತು, ಅದು ಹೇಳಿ."

"ಮೂರನೇ ತಿರುವಿನಲ್ಲಿ ಬ್ರೇಕಿನ ತಟ್ಟೆ ಬಿರುಕು ಬಿಟ್ಟಿದೆ ಅಂತ ಮಾವ ಮೂರು ದಿನದಿಂದ ಫಿಟ್ನೆಸ್ ಹಾಳೆಗೆ ಸಹಿ ಹಾಕಿರಲಿಲ್ಲ. ಅವತ್ತು ಎಲ್ಲರ ಎದುರಿಗೇ ಹೇಳಿಬಿಟ್ರು, ತಟ್ಟೆ ಬದಲಾಯಿಸದೆ ಗಾಡಿ ಬಿಡಕೂಡದು ಅಂತ. ದೊಡ್ಡ ಸಾಹೇಬ್ರು ಆನೆ ಮೇಲಿಂದ ನಕ್ಕರು. 'ಏರಿದೆ ಕಣಯ್ಯ ನಿನಗೆ, ಬೆಳಿಗ್ಗೆ ಮಾತಾಡು' ಅಂದ್ರು. ಎಲ್ಲರೂ ನಕ್ಕರು." ತೊಟ್ಟಿಲಣ್ಣ ಹೊರಳಿಸಿದ್ದ ಬಾತುಕೋಳಿಯನ್ನು ಮತ್ತೆ ನೆಟ್ಟಗೆ ಕೂರಿಸಿದ. "ನಾನೂ ನಕ್ಕೆ ಅಮ್ಮ. ಅಷ್ಟು ಜನರಲ್ಲಿ ಅವರ ಗ್ಲಾಸಲ್ಲಿ ಟೀ ಇದೆ ಅಂತ ಗೊತ್ತಿದ್ದೋನು ನಾನೊಬ್ಬ. ಮಾವ ನನ್ನ ಮುಖ ನೋಡಿದ್ರು. ನಾನು ಗ್ಲಾಸ್ ನೋಡ್ಕೊಂಡು ಕೂತೆ."

ಇನ್‌ಸ್ಪೆಕ್ಟರಮ್ಮ ಬಾಟಲಿಯ ಮುಚ್ಚಳ ತಿರುಗಿಸುತ್ತ ಕುಳಿತರು. ಕುಡಿದಿಲ್ಲ ಎಂದು ಹೇಳಿದ್ದರೆ ಮಾತಿಗೆ ಬೆಲೆ ಬರುತ್ತಿತ್ತು. ಹೇಳಿದ್ದರೆ ಗುಂಪಿನಿಂದ ಹೊರಗೆ ಬೀಳುತ್ತಿದ್ದರು. ಆ ಮನುಷ್ಯ ಆ ಸಂಜೆ ಇದೇ ಕುದುರೆಯ ಮೇಲೆ ಕೂತು ಎಷ್ಟು ಒಂಟಿಯಾಗಿರಬೇಕು!

"ಬಿದ್ದಾಗ ಎತ್ತಿದೋರು ನೀವೇ ಅಲ್ವಾ? ಅಂಗಿ ವಾಸನೆ ಹೊಡೀತಿತ್ತು ಅಂತ ಸೆಕ್ಯೂರಿಟಿಯವರು ಬರೆದಿದ್ದಾರೆ."

"ಹೊಡೀತಿತ್ತು. ಸುಳ್ಳಲ್ಲ. ಆದ್ರೆ…" ಅವನು ತನ್ನ ಎದೆ ಮುಟ್ಟಿ ತೋರಿಸಿದ. "ನಾನು ಇಪ್ಪತ್ತು ವರ್ಷದಿಂದ ಕುಡುಕರನ್ನ ಮನೆ ಮುಟ್ಟಿಸ್ತಿರೋನು. ಕುಡಿದೋನು ಚೆಲ್ಲಿಕೊಂಡ್ರೆ ಇಲ್ಲಿ ನೆನೆಯುತ್ತೆ, ಮುಂದೆ. ಮಾವನ ಅಂಗಿ ನೆಂದಿದ್ದು ಬೆನ್ನ ಮೇಲೆ. ಕಾಲರ್‌ನಿಂದ ಕೆಳಗೆ. ಮುಂದೆ ಒಣಗಿತ್ತು."

"ಬೆನ್ನಿಂದ ಯಾರೂ ಕುಡಿಯಲ್ಲ," ಎಂದರು ಇನ್‌ಸ್ಪೆಕ್ಟರಮ್ಮ ನಿಧಾನವಾಗಿ. ಬೋರಲು ಬಿದ್ದವರ ಮೇಲೆ ಯಾರೋ ಸುರಿದಿದ್ದಾರೆ. ಬಿದ್ದ ಮೇಲೆ, ಗಾಬರಿಯಲ್ಲಿ, ತಮ್ಮ ತಪ್ಪನ್ನು ಅವರ ತಲೆಗೆ ಕಟ್ಟಲು. "ಇದನ್ನ ಆರು ದಿನದಿಂದ ಯಾಕೆ ಬಚ್ಚಿಟ್ರಿ?"

"ಹೆದರಿಕೆ. ಈಗ ಆ ಫಿಟ್ನೆಸ್ ಹಾಳೆ ನನ್ನ ಹತ್ರ ಬಂದಿದೆ. ಮಾವ ಬಿಟ್ರೆ ಅದಕ್ಕೆ ಸಹಿ ಹಾಕೋ ಲೈಸೆನ್ಸ್ ಇರೋದು ನನಗೊಬ್ಬನಿಗೇ. ನಿನ್ನೆ ಸಂಜೆ ಇಲ್ಲೇ ಎಲ್ಲರ ಎದುರಿಗೆ ಹೇಳಿಬಿಟ್ಟೆ, ನಾನೂ ಹಾಕಲ್ಲ ಅಂತ." ಹೇಳಿ, ತನ್ನ ಧೈರ್ಯಕ್ಕೆ ತಾನೇ ಬೆಚ್ಚಿದವನಂತೆ ಬಾಗಿಲ ಕಡೆ ನೋಡಿದ.

*

ಶೆಡ್ಡಿನಿಂದ ವೇಷದ ಕೋಣೆಗೆ ಹೋಗಲು ಪಾರ್ಕಿನ ನಡುವೆ ಹಾದು ಹೋಗಬೇಕು. ನಿಂತ ದೋಣಿಗಳು, ಮುಸುಕು ಹಾಕಿದ ಪುಟಾಣಿ ಕಾರುಗಳು. ಇನ್‌ಸ್ಪೆಕ್ಟರಮ್ಮ ನಿಧಾನವಾಗಿ ನಡೆದರು. ಮೊಣಕಾಲು ನೋವು ಒಂದು ನೆಪ. ನಿಜಕ್ಕೂ ಅವರನ್ನು ಹಿಡಿದು ನಿಲ್ಲಿಸುತ್ತಿದ್ದದ್ದು ಇಪ್ಪತ್ತೆರಡು ವರ್ಷ ಹಳೆಯ ಒಂದು ವಾಕ್ಯ.

ಒಬ್ಬ ಪೇದೆ ಮೇಲಧಿಕಾರಿಯ ಮಗನ ಗಾಡಿಯನ್ನು ರಸ್ತೆಯಲ್ಲಿ ತಡೆದಿದ್ದ. ಮರುದಿನ ಅಧಿಕಾರಿ ಇವರನ್ನು ಕರೆದು ಒಂದು ವರದಿ ಬರೆಯಲು ಹೇಳಿದರು. ಇವರು ಬರೆದರು. 'ಬಾಯಿಂದ ಮದ್ಯದ ವಾಸನೆ ಬರುತ್ತಿತ್ತು.' ನಾಲ್ಕೇ ಪದ. ಆ ಪೇದೆ ಕುಡಿಯುತ್ತಿದ್ದದ್ದು ನಿಜ. ಆ ದಿನ ಕುಡಿದಿರಲಿಲ್ಲ ಎನ್ನುವುದೂ ನಿಜ. ಮೊದಲನೆಯ ನಿಜದ ನೆರಳಿನಲ್ಲಿ ಎರಡನೆಯದು ಯಾರ ಕಣ್ಣಿಗೂ ಬೀಳಲಿಲ್ಲ. ಅವನ ಹೆಂಡತಿಯೂ ನಂಬಿದಳು ಎಂದು ಆಮೇಲೆ ಕೇಳಿದ್ದರು.

ಕುಡುಕನೆಂಬ ಹೆಸರು ಬಂದವನ ಮೇಲೆ ಏನು ಹೊರಿಸಿದರೂ ನಿಲ್ಲುತ್ತದೆ. ತೂಗುಹಾಕಲು ಮೊಳೆ ಮೊದಲೇ ಹೊಡೆದಿರುತ್ತದೆ.

ವೇಷದ ಕೋಣೆಯಲ್ಲಿ ಒಬ್ಬ ಹುಡುಗಿ ಕರಡಿಯ ತಲೆಯನ್ನು ಮಡಿಲಲ್ಲಿ ಬೋರಲು ಹಾಕಿಕೊಂಡು ಅದರೊಳಗೆ ಡ್ರೈಯರ್ ಹಿಡಿದಿದ್ದಳು. ಗೋಡೆಯುದ್ದಕ್ಕೂ ಗೂಟಗಳಲ್ಲಿ ತಲೆಯಿಲ್ಲದ ಮೊಲ, ನರಿ, ಕೋತಿಗಳು ನೇತಾಡುತ್ತಿದ್ದವು. ಬೆವರಿನ ವಾಸನೆಯ ಮೇಲೆ ಸೋಪುಪುಡಿಯ ವಾಸನೆ. ಇಪ್ಪತ್ತೊಂದು ವರ್ಷದ ಆ ಹುಡುಗಿಗೆ ಅಪ್ಪನದೇ ಅಗಲ ಹಣೆ. ಆಸ್ಪತ್ರೆಯ ಹಾಸಿಗೆಯ ಮೇಲೆ ಬ್ಯಾಂಡೇಜಿನ ಕೆಳಗೆ ಅದನ್ನು ಇವರು ನೋಡಿದ್ದರು.

"ನಾನು ಹೇಳೋದು ಏನೂ ಇಲ್ಲ ಮೇಡಂ. ಅಪ್ಪ ಕುಡಿದ, ಬಿದ್ದ. ಎಲ್ಲರೂ ಹೇಳಿದ್ರು."

"ನೀನು ನೋಡಿದ್ಯಾ?"

"ನೋಡೋದೇನು? ದಿನಾ ಮನೆಗೆ ಬಂದಾಗ ವಾಸನೆ ಬರ್ತಿತ್ತು. ಬಿಟ್ಟಿದೀನಿ ಅಂತ ನನ್ನ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದ್ದ. ಆಣೆ ಮಾಡಿದ ಕೈಯಲ್ಲೇ…" ಅವಳು ಡ್ರೈಯರಿನ ಸದ್ದು ಹೆಚ್ಚಿಸಿದಳು.

ಇನ್‌ಸ್ಪೆಕ್ಟರಮ್ಮ ಅವಳ ಪಕ್ಕದ ಬೆಂಚಿನ ಮೇಲೆ ಕುಳಿತು ತಮ್ಮ ತೋಳನ್ನು ಮುಂದೆ ಚಾಚಿದರು. "ಮೂಸಿ ನೋಡು."

"ಏನು?"

"ನೋಡು ಅಂದೆ."

ಹುಡುಗಿ ಅನುಮಾನಿಸುತ್ತ ಬಗ್ಗಿ ಮೂಸಿದಳು. ಮುಖ ಸಿಂಡರಿಸಿದಳು. "ನೀವೂ ಕುಡೀತೀರಾ?"

"ಜನ್ಮದಲ್ಲಿ ಮುಟ್ಟಿಲ್ಲ. ಆ ಶೆಡ್ಡಲ್ಲಿ ಮುಕ್ಕಾಲು ಗಂಟೆ ಕೂತಿದ್ದೆ, ಅಷ್ಟೇ. ಕುದುರೆಗಳಿಗೂ ವರ್ಷಗಟ್ಟಲೆ ಚೆಲ್ಲಿ ಚೆಲ್ಲಿ ಕುಡಿಸಿದ್ದಾರೆ." ಆಮೇಲೆ ಬಾತುಕೋಳಿಯ ಹೊಟ್ಟೆಯ ಬಾಟಲಿಯ ಕಥೆಯನ್ನು ಒಂದೂ ಬಿಡದೆ ಹೇಳಿದರು.

ಹುಡುಗಿ ಡ್ರೈಯರ್ ಆರಿಸಿದಳು. "ಟೀಪುಡಿ ಇಷ್ಟು ಬೇಗ ಹೇಗೆ ಖಾಲಿಯಾಗುತ್ತೆ ಅಂತ ಅಮ್ಮ ದಿನಾ ಬೈತಿದ್ಲು," ಎಂದಳು. ತಕ್ಷಣ ಮುಖ ಬಿಗಿಯಾಯಿತು. "ಹಾಗಾದ್ರೆ ಆ ಪತ್ರ? ತಾನೇ ಬರೆದುಕೊಟ್ಟಿದ್ದಾನಲ್ಲ?"

"ಓದಿದ್ದೀಯಾ?"

"ತೋರಿಸೋಕೆ ಬಂದಿದ್ರು. ಬೇಡ ಅಂದೆ."

ಇನ್‌ಸ್ಪೆಕ್ಟರಮ್ಮ ಚೀಲದಿಂದ ಪತ್ರ ತೆಗೆದು ಕೊಟ್ಟರು. ಮೂರೇ ಸಾಲು. ಅವರಿಗೆ ಬಾಯಿಪಾಠವಾಗಿತ್ತು.

'ಮಾನ್ಯ ಮ್ಯಾನೇಜರ್ ಸಾರ್ ಅವರಿಗೆ, ನಾನು ಈ ದಿನ ಕುಡಿದು ಕೆಲಸಕ್ಕೆ ಬಂದಿದ್ದು ನಿಜ. ಇನ್ನು ಮುಂದೆ ಹೀಗೆ ಮಾಡುವುದಿಲ್ಲ. ದಯವಿಟ್ಟು ಈ ಒಂದು ಸಲ ಕ್ಷಮಿಸಬೇಕು.'

ಹುಡುಗಿ ಅಕ್ಷರದ ಮೇಲೆ ಬೆರಳಾಡಿಸಿದಳು. "ಅಪ್ಪಂದೇ. ಕ್ಷ ಬರೆಯೋಕೆ ಬರಲ್ಲ ಅವನಿಗೆ, ಹೀಗೇ ಗಂಟು ಹಾಕ್ತಾನೆ." ಮತ್ತೆ ಮೊದಲಿಂದ ಓದಿದಳು. ಹುಬ್ಬು ಗಂಟಿಕ್ಕಿತು.

"ಮೇಡಂ, ಇದರಲ್ಲಿ ಸಾರ್ ಅಂತ ಯಾಕಿದೆ?"

"ಏನು?"

"ಮ್ಯಾನೇಜರ್ ಹೆಂಗಸಲ್ವಾ? ಅಪ್ಪನಿಗೆ ಅವರನ್ನ ಕಂಡ್ರೆ ಭಯ. ರಜೆ ಚೀಟಿ ಬರೆದ್ರೂ ನನಗೆ ತೋರಿಸೋನು, 'ಮೇಡಂ ಅವರಿಗೆ ಅನ್ನೋದು ಸರಿಯಾಗಿದೆಯಾ ನೋಡೇ' ಅಂತ. ಕುಡಿದಿದ್ರೂ ಅವರ ಎದುರಿಗೆ ಕೂತು ಸಾರ್ ಅಂತ ಬರೀತಾನಾ?"

ಇನ್‌ಸ್ಪೆಕ್ಟರಮ್ಮನಿಗೆ ಕಪಾಳಕ್ಕೆ ಹೊಡೆದಂತಾಯಿತು. ಆರು ದಿನದಿಂದ ಆ ಕಾಗದವನ್ನು ಬೆಳಕಿಗೆ ಹಿಡಿದಿದ್ದರು, ಭೂತಗನ್ನಡಿ ಇಟ್ಟು ಶಾಯಿ ನೋಡಿದ್ದರು, ಹಳೆಯ ಸಹಿಗಳ ಜೊತೆ ಹೋಲಿಸಿದ್ದರು. ಮೊದಲ ಸಾಲಿನಲ್ಲಿ ಕುಕ್ಕರುಬಡಿದು ಕೂತಿದ್ದ 'ಸಾರ್' ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ. ಈಗಿನ ಮ್ಯಾನೇಜರ್ ಮೇಡಂ ಬಂದು ಎಂಟು ತಿಂಗಳಷ್ಟೇ. ಅದಕ್ಕೂ ಮೊದಲು ಹತ್ತು ವರ್ಷ ಆ ಕುರ್ಚಿಯಲ್ಲಿ ಕೂತಿದ್ದವರು ಈಗ ಇಡೀ ಪಾರ್ಕಿಗೇ ಮುಖ್ಯಸ್ಥರಾಗಿರುವ ದೊಡ್ಡ ಸಾಹೇಬರು.

ಪತ್ರ ಹಳೆಯದು. ತಾರೀಕು ಮಾತ್ರ ಹೊಸದು.

ಹುಡುಗಿ ಅವರ ಮುಖ ನೋಡಿಯೇ ತಿಳಿದುಕೊಂಡಳು. ಅಳಲಿಲ್ಲ. ಡ್ರೈಯರ್ ಹಚ್ಚಿ, ಆಗಲೇ ಒಣಗಿದ್ದ ಕರಡಿತಲೆಯೊಳಗೆ ಮತ್ತೆ ಹಿಡಿದಳು. ಸದ್ದಿನ ನಡುವೆ ಕೇಳಿದಳು: "ಹನ್ನೊಂದು ದಿನದಿಂದ ದಿನಾ ಹೋಗಿ ಕೂತು ಬರ್ತೀನಿ. ಒಂದು ಮಾತೂ ಆಡಿಲ್ಲ. ಆಡಿದ್ರೆ ಅವನಿಗೆ ಕೇಳಿಸುತ್ತಾ?"

"ಗೊತ್ತಿಲ್ಲ ಮಗಳೇ. ಕೇಳಿಸದಿದ್ರೂ ಆಡು."

*

ಮ್ಯಾನೇಜರ್ ಮೇಡಂ ಕೋಣೆ ಆಫೀಸಿನ ಮಹಡಿಯಲ್ಲಿತ್ತು. ಕಿಟಕಿಯ ತುಂಬ ಹಾವುಗಾಡಿಯ ಹಳಿಗಳು, ನೀಲಿ ಆಕಾಶಕ್ಕೆ ಯಾರೋ ಕೆಂಪು ದಾರದಿಂದ ಹೊಲಿಗೆ ಹಾಕಿದಂತೆ. ಗೋಡೆಯ ಮೇಲೆ ಚೌಕಟ್ಟು ಹಾಕಿದ ಎರಡು ಪದ: ಶಿಸ್ತೇ ಸುರಕ್ಷೆ. ಗಡಿಯಾರ ಎರಡೂಮುಕ್ಕಾಲು ತೋರಿಸುತ್ತಿತ್ತು.

"ಈ ಪತ್ರ ನೀವೇ ಎದುರಿಗೆ ಕೂತು ಬರೆಸಿಕೊಂಡ್ರಾ?"

"ಮೊದಲ ದಿನವೇ ಹೇಳಿದ್ದೀನಲ್ಲ. ಹೌದು." ಮ್ಯಾನೇಜರ್ ಮೇಡಂ ನಲವತ್ತರ, ಅಚ್ಚುಕಟ್ಟಿನ ಹೆಂಗಸು. ಮೇಜಿನ ಮೇಲೆ ಪೆನ್ನುಗಳು ಕೂಡ ಸಾಲಾಗಿ ನಿಂತಿದ್ದವು.

"ಬೆಳಿಗ್ಗೆ ಎಷ್ಟು ಗಂಟೆಗೆ?"

"ಏಳು. ಏಳೂಕಾಲು."

"ಸ್ಪ್ಯಾನರ್ ಮಾವ ನಿಮ್ಮನ್ನ ಏನಂತ ಕರೀತಿದ್ರು?"

"ಮೇಡಂ ಅಂತ. ಯಾಕೆ?"

ಇನ್‌ಸ್ಪೆಕ್ಟರಮ್ಮ ಕಾಗದವನ್ನು ತಿರುಗಿಸಿ ಮೊದಲ ಸಾಲಿನ ಕೆಳಗೆ ಉಗುರಿಟ್ಟರು.

ಮ್ಯಾನೇಜರ್ ಮೇಡಂ ಓದಿದರು. ಕತ್ತಿನಿಂದ ಮೇಲೆ ನಿಧಾನವಾಗಿ ಕೆಂಪೇರಿತು. ಒಂದು ಪೆನ್ನು ಎತ್ತಿಕೊಂಡು, ಸಾಲು ಕೆಟ್ಟಿತೆಂದು ಮತ್ತೆ ಅಲ್ಲೇ ಇಟ್ಟರು.

"ಇಪ್ಪತ್ತೆರಡು ವರ್ಷದ ಹಿಂದೆ ನಾನೂ ಇಂಥದೊಂದು ಬರೆದಿದ್ದೀನಿ," ಎಂದರು ಇನ್‌ಸ್ಪೆಕ್ಟರಮ್ಮ. ದನಿಯಲ್ಲಿ ಗದರಿಕೆ ಇರಲಿಲ್ಲ. "ಮೇಲಿನವರು ಹೇಳಿದ್ರು, ಬರೆದೆ. ಹೊಟ್ಟೆಪಾಡು ಅಂದ್ಕೊಂಡೆ. ನನಗೆ ಯಾರೂ ಎರಡನೇ ಸಲ ಬಂದು ಕೇಳಲಿಲ್ಲ, 'ನಿಜವಾಗ್ಲೂ ವಾಸನೆ ಬರ್ತಿತ್ತಾ' ಅಂತ. ಕೇಳಿದ್ರೆ ಹೇಳಿಬಿಡ್ತಿದ್ದೆ ಅಂತ ಇವತ್ತಿಗೂ ಅನ್ನಿಸುತ್ತೆ. ನಿಮ್ಮನ್ನ ನಾನು ಎರಡನೇ ಸಲ ಕೇಳ್ತಿದ್ದೀನಿ."

ಮ್ಯಾನೇಜರ್ ಮೇಡಂ ಎದ್ದು ಹೋಗಿ ಬಾಗಿಲು ಹಾಕಿದರು. ಕೈಚೀಲದಿಂದ ಕೀಲಿ ತೆಗೆದು ಮೇಜಿನ ಕೆಳಗಿನ ಡ್ರಾಯರನ್ನು ಎಳೆದರು. ನೀಲಿ ರಟ್ಟಿನ ದಪ್ಪ ಫೈಲ್ ಹೊರಬಂತು.

"ನಾನು ಚಾರ್ಜ್ ತಗೊಂಡ ದಿನ ಕೀಲಿ ಜೊತೆ ಇದನ್ನೂ ಕೊಟ್ಟರು. ಇದು ಶಿಸ್ತಿನ ಫೈಲು, ಜೋಪಾನ ಅಂದ್ರು."

ಫೈಲಿನ ತುಂಬ ಕೈಬರಹದ ಪತ್ರಗಳು. ಹಾಳೆಗಳು ಬೇರೆ, ಅಕ್ಷರಗಳು ಬೇರೆ, ಮಾತು ಮಾತ್ರ ಒಂದೇ. ಕುಡಿದು ಬಂದಿದ್ದು ನಿಜ, ಈ ಒಂದು ಸಲ ಕ್ಷಮಿಸಬೇಕು. ಕೆಳಗೆ ಸಹಿ, ಹುದ್ದೆ. ಮೇಲೆ ಬಲಕ್ಕೆ 'ತಾರೀಕು' ಎಂಬ ಪದ. ಅದರ ಮುಂದೆ ಖಾಲಿ ಜಾಗ.

"ಎಷ್ಟು?"

"ನೂರಾ ಹದಿನಾಲ್ಕು. ಯಾರಾದ್ರೂ ಸಿಕ್ಕಿಬಿದ್ರೆ ಸಾಹೇಬ್ರು ಅಮಾನತು ಮಾಡ್ತಿರಲಿಲ್ಲ. ಬರೆಸಿಕೊಂಡು ಬೆನ್ನು ತಟ್ಟಿ ಕಳಿಸೋರು. ಹತ್ತು ವರ್ಷದಲ್ಲಿ ಒಬ್ಬನ ಕೆಲಸವನ್ನೂ ಕಿತ್ತುಕೊಂಡಿಲ್ಲ ಅಂತ ಹೇಳಿಕೊಳ್ತಾರೆ. ಜನಕ್ಕೂ ಅವರು ದೇವರು."

"ಸಂಜೆ ಆನೆ ಮೇಲೆ ಕೂತು ಕುಡಿಯೋಕೆ ಕರೆಯೋದೂ ಅವರೇ, ಬೆಳಿಗ್ಗೆ ಕುಡಿದಿದ್ದಕ್ಕೆ ಬರೆಸಿಕೊಳ್ಳೋದೂ ಅವರೇ."

"ಹೌದು. ಯಾರಾದ್ರೂ ಬಾಯಿ ತೆಗೆದ್ರೆ ಪತ್ರಕ್ಕೆ ತಾರೀಕು ಬೀಳುತ್ತೆ ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ಯಾರೂ ತೆಗೆಯಲ್ಲ." ಮ್ಯಾನೇಜರ್ ಮೇಡಂ ಕಿಟಕಿಯತ್ತ ತಿರುಗಿದರು. "ಎಂಟು ತಿಂಗಳಲ್ಲಿ ನಾನು ಒಂದೂ ಸೇರಿಸಿಲ್ಲ. ಆದ್ರೆ ಸುಟ್ಟೂ ಹಾಕಲಿಲ್ಲ. ಅದು ನನ್ನ ತಪ್ಪು."

"ಅದಲ್ಲ ನಿಮ್ಮ ತಪ್ಪು. ನಾನೇ ಬರೆಸಿಕೊಂಡೆ ಅಂದ್ರಲ್ಲ, ಅದು."

ಆ ಮಾತು ನಾಟಿತು. ಮ್ಯಾನೇಜರ್ ಮೇಡಂ ಕುರ್ಚಿಗೆ ಕುಸಿದರು. "ಅವತ್ತು ನಾನು ಬಂದಿದ್ದು ಎಂಟಕ್ಕೆ. ಪತ್ರ ಮೇಜಿನ ಮೇಲಿತ್ತು. ತಾರೀಕು ಆಗಲೇ ಬಿದ್ದಿತ್ತು. 'ನೀವೇ ಬರೆಸಿಕೊಂಡಿದ್ದು ಅಂತ ಹೇಳಿ, ಪಾರ್ಕಿನ ಮಾನದ ಪ್ರಶ್ನೆ' ಅಂತ ಸಾಹೇಬ್ರು ಫೋನ್ ಮಾಡಿದ್ರು. ಇಷ್ಟು ದೊಡ್ಡ ಜಾಗದಲ್ಲಿ ನನಗೆ ಅಂತ ಒಬ್ಬರಿಲ್ಲ ಅಮ್ಮ. ಆ ಶೆಡ್ಡಲ್ಲಿ ಏನು ನಿರ್ಧಾರ ಆಗುತ್ತೋ ಮಾರನೇ ದಿನ ನನಗೆ ಸಹಿಗೆ ಬರುತ್ತೆ. ಮನುಷ್ಯ ಹೇಗೋ ಬಿದ್ದಿದ್ದಾನೆ, ಮುಚ್ಚಿಕೊಳ್ಳೋಕೆ ಏನೋ ಮಾಡ್ತಿದ್ದಾರೆ ಅಂದ್ಕೊಂಡೆ. ಅಷ್ಟೇ."

ಇನ್‌ಸ್ಪೆಕ್ಟರಮ್ಮನೂ ಅಂದುಕೊಂಡದ್ದು ಅಷ್ಟೇ. ಬಿರುಕು ಬಿಟ್ಟ ತಟ್ಟೆ, ಬಿದ್ದ ಮನುಷ್ಯ, ಬೆನ್ನ ಮೇಲೆ ಸುರಿದ ಮದ್ಯ, ಹಳೆಯ ಪತ್ರಕ್ಕೆ ಹೊಸ ತಾರೀಕು. ಹೇಡಿಗಳ ಕೆಲಸ, ಆದರೆ ಕೊಲೆಗಾರರದ್ದಲ್ಲ. ವರದಿಯ ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸುತ್ತ ಫೈಲಿನ ಹಾಳೆಗಳನ್ನು ಒಂದೊಂದಾಗಿ ಮಗುಚಿದರು. ತಾರೀಕು, ಖಾಲಿ. ತಾರೀಕು, ಖಾಲಿ.

ಬೆರಳು ಒಂದು ಹಾಳೆಯ ಮೇಲೆ ನಿಂತಿತು. ಅಲ್ಲಿ ಖಾಲಿ ಇರಲಿಲ್ಲ.

ಕನ್ನಡಕ ಸರಿಮಾಡಿಕೊಂಡು ಓದಿದರು. ಗೋಡೆಯ ಕ್ಯಾಲೆಂಡರ್ ನೋಡಿದರು. ಮತ್ತೆ ಓದಿದರು. ಅಂಕಿಯ ಮೇಲೆ ಹೆಬ್ಬೆರಳು ಒತ್ತಿ ತೆಗೆದಾಗ ಚರ್ಮಕ್ಕೆ ನೀಲಿ ಹತ್ತಿತ್ತು.

"ಇದು ಇವತ್ತಿನ ತಾರೀಕು," ಎಂದರು. "ಇವತ್ತು ಈ ಡ್ರಾಯರ್ ತೆಗೆದಿದ್ರಾ?"

"ಇಲ್ಲ! ಈಗಲೇ, ನಿಮ್ಮೆದುರಿಗೇ ತೆಗೆದಿದ್ದು. ಇದಕ್ಕೆ ಇನ್ನೊಂದು ಕೀಲಿ ಇದೆ, ಅದು ಯಾರ ಹತ್ರ ಅಂತ ನನಗೆ ಗೊತ್ತಿಲ್ಲ." ಮ್ಯಾನೇಜರ್ ಮೇಡಂ ಬಗ್ಗಿ ನೋಡಿದರು. ಸಹಿಯ ಕೆಳಗೆ ಹುದ್ದೆ: ಜೈಂಟ್ ವೀಲ್ ಆಪರೇಟರ್. "ತೊಟ್ಟಿಲಣ್ಣ? ಅವನು ಇವತ್ತು ಏನೂ ಮಾಡಿಲ್ಲವಲ್ಲ. ಬೆಳಿಗ್ಗೆ ಊದಿ ಬಂದಿರಬೇಕು… ಇಲ್ಲ. ತಾಳಿ. ಯಂತ್ರ ಕೆಟ್ಟಿದೆ ಅಂತ ಗೇಟಿಂದ ಏಳು ಗಂಟೆಗೆ ಮೆಸೇಜ್ ಬಂದಿತ್ತು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಇನ್ನೂ ಏನೂ ಆಗಿಲ್ಲ. ಆದರೂ ತಾರೀಕು ಬಿದ್ದಿದೆ. ಹಾಗಾದರೆ ಹನ್ನೊಂದು ದಿನದ ಹಿಂದೆಯೂ ಮೊದಲು ಬಿದ್ದದ್ದು ಮನುಷ್ಯನಲ್ಲ. ತಾರೀಕು.

ಅಷ್ಟರಲ್ಲಿ ಹೊರಗೆ ಹಾವುಗಾಡಿಯ ಸೈರನ್ ಕೂಗಿತು. ಓಟಕ್ಕೆ ಮೊದಲು ಕೊಡುವ ಉದ್ದ ಕೂಗು. ರಜೆಯ ದಿನದ ಮೌನದಲ್ಲಿ ಕಿಟಕಿಯ ಗಾಜು ಅದಕ್ಕೆ ಅದುರಿತು.

ಇನ್‌ಸ್ಪೆಕ್ಟರಮ್ಮ ಕಿಟಕಿಗೆ ಧಾವಿಸಿದರು. ಮೂರನೇ ತಿರುವಿನ ಅಟ್ಟಣಿಗೆಯ ಮೇಲೆ ಒಂದು ಸಣಕಲು ಆಕೃತಿ ಮಂಡಿಯೂರಿ ಹಳಿಯ ಕೆಳಗೆ ಇಣುಕುತ್ತಿತ್ತು. ತೊಟ್ಟಿಲಣ್ಣನ ನಂಬರ್ ಒತ್ತಿದರು. ಆಕೃತಿ ಎದ್ದು ನಿಂತು ಜೇಬಿಗೆ ಕೈ ಹಾಕಿತು.

"ಅಮ್ಮ!" ತೊಟ್ಟಿಲಣ್ಣನ ದನಿಯಲ್ಲಿ ಸಂತೋಷ ಉಕ್ಕುತ್ತಿತ್ತು. "ಸಹಿ ಹಾಕಬೇಕಾಗಿಲ್ಲವಂತೆ. ಬಿರುಕು ಎಲ್ಲಿದೆ ಒಂದ್ಸಲ ತೋರಿಸು, ತಟ್ಟೆ ತರಿಸ್ತೀನಿ ಅಂತ ದೊಡ್ಡ ಸಾಹೇಬ್ರು ಹೇಳಿಕಳಿಸಿದ್ದಾರೆ. ನಂಬಿದ್ರು ಅಮ್ಮ, ನನ್ನ ಮಾತು ನಂಬಿದ್ರು!"

"ಕೆಳಗಿಳೀರಿ. ಈಗಲೇ! ಮೇಲೆ ಯಾರಿದ್ದಾರೆ ನಿಮ್ಮ ಜೊತೆ?"

"ಯಾರೂ ಇಲ್ಲ. ಸಾಹೇಬ್ರು ಈಗ ಬರ್ತಾರೆ."

ಅವನಿಗೆ ಕಾಣದ್ದು ಇನ್‌ಸ್ಪೆಕ್ಟರಮ್ಮನಿಗೆ ಕಾಣುತ್ತಿತ್ತು. ಅವನ ಬೆನ್ನ ಹಿಂದಿನ ಕಬ್ಬಿಣದ ಮೆಟ್ಟಿಲಿನಲ್ಲಿ ಹಳದಿ ಹೆಲ್ಮೆಟ್ಟೊಂದು ಅವಸರವಿಲ್ಲದೆ ಮೇಲೇರುತ್ತಿತ್ತು.

ಹಿಂದೆ ಬಾಗಿಲು ತಳ್ಳಿದ ಸದ್ದಾಯಿತು.

"ಯಾರ್ರೀ ಅದು ಸೈರನ್ ಹಾಕಿದ್ದು?" ಹೊಸ್ತಿಲಲ್ಲಿ ದೊಡ್ಡ ಸಾಹೇಬರು ನಿಂತಿದ್ದರು. ಮೆಟ್ಟಿಲು ಹತ್ತಿ ಬಂದ ಏದುಸಿರು, ಮಡಿಸಿದ ಅಂಗಿತೋಳು. "ಇವತ್ತು ಹಾವುಗಾಡಿ ಬಿಡೋಕೆ ನಾನು ಯಾರಿಗೂ ಹೇಳಿಲ್ಲವಲ್ಲ?"

ಮೂವತ್ತು ವರ್ಷ ಸುಳ್ಳು ಮುಖಗಳನ್ನು ಓದಿದ್ದ ಇನ್‌ಸ್ಪೆಕ್ಟರಮ್ಮ ಆ ಮುಖವನ್ನು ಓದಿದರು. ಅಲ್ಲಿದ್ದ ಗಾಬರಿ ನಟನೆಯಾಗಿರಲಿಲ್ಲ. ಹಾಗಾದರೆ ತೊಟ್ಟಿಲಣ್ಣನನ್ನು ಮೇಲೆ ಹತ್ತಿಸಿದ್ದು ಸಾಹೇಬರ ಹೆಸರು ಹೇಳಿದ ಬೇರೆ ಯಾರೋ.

ಕಿವಿಯ ಫೋನಿನೊಳಗೆ ಗಾಳಿ ಬೀಸುತ್ತಿತ್ತು. ಕಬ್ಬಿಣದ ಮೇಲೆ ಬೂಟಿನ ಸದ್ದು ಹತ್ತಿರವಾಗಿ ನಿಂತಿತು.

"ಓ, ನೀವಾ?" ಎಂದ ತೊಟ್ಟಿಲಣ್ಣ, ಬಹಳ ದಿನದ ಪರಿಚಯದವರನ್ನು ಕಂಡವನ ನಗುದನಿಯಲ್ಲಿ.